ಕೇಳುವವರ ಬೆಂಚು

ಕಣ್ಣಿನ ಆಪರೇಷನ್ ಆದದ್ದು ಗಂಗಾಧರಸ್ವಾಮಿಯವರಿಗೆ. ಆದರೆ ಆ ವಾರ ಮನೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಓಡಾಡಿದವರು ಉಳಿದ ಮೂವರು.

ಮೈಸೂರಿನ ಆಸ್ಪತ್ರೆಯಿಂದ ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಅವರು ನಂಜನಗೂಡಿಗೆ ಬಂದಿಳಿದದ್ದು ೧೯೭೮ರ ಶ್ರಾವಣ ಮುಗಿಯುವ ಹೊತ್ತಿಗೆ. ಎರಡು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಮುಖ ಕೊಡಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಜಾರು ಬೀದಿಯಲ್ಲಿ ಹದಿನೆಂಟು ವರ್ಷದಿಂದ ಗ್ರಾಮಫೋನ್ ರೆಕಾರ್ಡಿನ ಅಂಗಡಿ ನಡೆಸಿದವರಿಗೆ ಧೂಳು ಬೇಡ ಎಂದರೆ ಅಂಗಡಿ ಬೇಡ ಎಂದ ಹಾಗೆಯೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮನೆಗೂ ಅಂಗಡಿಗೂ ನಡುವೆ ಇದ್ದದ್ದು ಹೂವಿನ ಚಿತ್ರದ ಒಂದು ಪರದೆ ಮಾತ್ರ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ಶಿವಸ್ವಾಮಿ ಮಾತು ತೆಗೆದ. ಅವನು ಸೊಸೈಟಿಯಲ್ಲಿ ಗುಮಾಸ್ತ. ಕೆಲಸದಲ್ಲಿ ಹಿಡಿತವಿದ್ದ, ದುಂದು ಇಲ್ಲದ ಮನುಷ್ಯ. ಒಂದೇ ದೋಷವೆಂದರೆ, ಯೋಚಿಸಿ ಮುಗಿಸಿದ ಮೇಲೆಯೇ ಮನೆಯವರಿಗೆ ಹೇಳುವುದು.

"ಅಪ್ಪಾ, ಸುತ್ತಿ ಬಳಸಿ ಹೇಳಲ್ಲ. ಪಂಪ್‌ಸೆಟ್ ಏಜೆನ್ಸಿಯೋರು ರೋಡಿಗೆ ಮುಖ ಇರೋ ಜಾಗ ಹುಡುಕ್ತಾವ್ರೆ. ನಾಲೆ ನೀರು ಬಂದ ಮೇಲೆ ರೈತರೆಲ್ಲ ಪಂಪ್‌ಸೆಟ್ ಬೇಕು ಅಂತ ಮೈಸೂರಿಗೆ ಹೋಗ್ತಾವ್ರೆ. ಅದೇ ವ್ಯಾಪಾರ ನಮ್ಮನೆ ಬಾಗಿಲಲ್ಲಿ ಯಾಕಾಗಬಾರದು?"

"ರೆಕಾರ್ಡು ಏನು ಮಾಡ್ತೀಯ?" ಎಂದರು ಗಂಗಾಧರಸ್ವಾಮಿ, ಎದುರಿಗಿದ್ದ ಮುದ್ದೆಯನ್ನು ಕೈಯಲ್ಲೇ ತಡವಿಕೊಂಡು.

"ರೆಕಾರ್ಡು ಕೇಳೋರು ಐವತ್ತು ಜನ, ಕೊಳ್ಳೋರು ಐದು ಜನ. ನಿಮ್ಮ ಆ ಬೆಂಚು ನೋಡಿದೋರು ಬಸ್‌ಸ್ಟ್ಯಾಂಡು ಅನ್ಕೊಂಡು ಕೂತ್ಕೋತಾವ್ರೆ."

ಬೆಂಚಿನ ಮಾತು ಬಂದರೆ ಗಂಗಾಧರಸ್ವಾಮಿಯವರಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. ಅಂಗಡಿ ಇಟ್ಟ ದಿನದಿಂದ ಅವರದೊಂದು ನೇಮ. ಯಾರೇ ಬರಲಿ, ಯಾವ ರೆಕಾರ್ಡೇ ಕೇಳಲಿ, ಬೆಂಚಿನ ಮೇಲೆ ಕೂರಿಸಿ ಒಂದು ಸೈಡು ಪೂರ್ತಿ ಹಾಕಬೇಕು. ನಡುವೆ ಎತ್ತಬಾರದು. ಮುಗಿದ ಮೇಲೆ ಕೊಳ್ಳುತ್ತೀರಾ ಎಂದು ಬಾಯಿಬಿಟ್ಟು ಕೇಳಬಾರದು. ಕೊಂಡರೆ ಕಾಗದ ಸುತ್ತಿ ಕೊಡಬೇಕು, ಎದ್ದು ಹೋದರೆ ಮತ್ತೆ ಬನ್ನಿ ಎನ್ನಬೇಕು.

ಸೊಪ್ಪಿನ ಸಾರು ಬಡಿಸುತ್ತಿದ್ದ ಸೊಸೆ ಸರ್ವಮಂಗಳಾ ನೇರವಾಗಿ ಹೇಳಿಬಿಟ್ಟಳು. "ಮಾವ, ಅಂಗಡೀಲಿ ನಾನು ಕೂತ್ಕೋತೀನಿ."

ಅತ್ತೆ ಚನ್ನಾಜಮ್ಮನವರ ಕೈಯ ಸೌಟು ಪಾತ್ರೆಗೆ ಬಿತ್ತು. "ಎಲ್ಲಿ ಕೂತ್ಕೋತೀಯ? ಬೆಂಚಿನ ಮೇಲಾ?"

"ಗಲ್ಲಾದ ಹಿಂದೆ ಅತ್ತೆ."

"ಬೀದೀಲಿ ಹೋಗೋ ಬರೋ ಗಂಡಸರಿಗೆಲ್ಲ ಈ ಮನೆ ಸೊಸೆ ಹಾಡು ಹಾಕ್ಕೊಂಡು ಕೂತಿರ್ತಾಳಾ?"

"ಮದುವೆಗೆ ಮುಂಚೆ ನಮ್ಮಪ್ಪನ ಅಂಗಡೀಲಿ ಆರು ವರ್ಷ ಬೆಲ್ಲ ತೂಗಿದೀನಿ ಅತ್ತೆ."

"ಅದು ನರಸೀಪುರ."

"ಇಲ್ಲಿಂದ ಹದಿನೆಂಟು ಮೈಲಿ. ಅಲ್ಲೂ ಗಂಡಸರು ಇಂಥೋರೇ."

ಹಸಿರು ಬಟ್ಟೆಯ ಕೆಳಗೆ ಗಂಗಾಧರಸ್ವಾಮಿಯವರ ತುಟಿ ಅರಳಿತು. "ಕೂತ್ಕೊಳ್ಳಲಿ ಬಿಡೆ" ಎಂದರು.

ಸರ್ವಮಂಗಳಾ ಮಾವನ ಕಷ್ಟ ನೋಡಲಾರದೆ ಒಪ್ಪಿಕೊಂಡಳು ಎಂದು ಆಮೇಲೆ ನೆಂಟರು ಹೇಳಿಕೊಂಡರು. ಅದು ಸುಳ್ಳು. ಅವಳಿಗೆ ಆಸೆಯಿತ್ತು. ಟಿ. ನರಸೀಪುರದ ಸಂತೆಬೀದಿಯಲ್ಲಿ ಅಪ್ಪ ರಾಚಯ್ಯನ ಪಕ್ಕ ಕೂತು ಗಿರಾಕಿಯ ಮುಖ ನೋಡಿದೊಡನೆ ಅಚ್ಚುಬೆಲ್ಲವೋ ಪುಡಿಬೆಲ್ಲವೋ ಹೇಳುತ್ತಿದ್ದ ಹುಡುಗಿ ಅವಳು. ಈ ಮನೆಗೆ ಬಂದು ಏಳು ವರ್ಷದಲ್ಲಿ ಸಾರಿಗೆ ಉಪ್ಪು ಎಷ್ಟು ಎಂಬುದನ್ನೂ ಅತ್ತೆಯನ್ನು ಕೇಳಿಯೇ ಹಾಕಿದ್ದಳು. ಆ ಗಲ್ಲಾದ ಹಿಂದಿನ ಮಣೆ ಅವಳಿಗೆ ಬೇಕಿತ್ತು, ಸಿಕ್ಕರೆ ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ.

"ದೀಪಾವಳಿವರೆಗೆ" ಎಂದ ಶಿವಸ್ವಾಮಿ. "ಬಲಿಪಾಡ್ಯಮಿ ದಿನ ಏಜೆನ್ಸಿಯೋರಿಗೆ ಅಂಗಡಿ ಬೋರ್ಡಿನ ಅಳತೆ ಕೊಡ್ಬೇಕು. ಅಷ್ಟರಲ್ಲಿ ಅಂಗಡಿ ತನ್ನ ಕಾಲ ಮೇಲೆ ನಿಂತ್ರೆ ನಾನು ತುಟಿ ಬಿಚ್ಚಲ್ಲ. ನಿಲ್ಲದೆ ಹೋದ್ರೆ ನೀನು ತುಟಿ ಬಿಚ್ಚಬಾರದು."

"ಒಪ್ಪಿದೆ" ಎಂದಳು ಅವಳು.

"ನನ್ನದೂ ಒಂದು ಮಾತಿದೆ" ಎಂದರು ಚನ್ನಾಜಮ್ಮ. "ಹಸಿವಾದ್ರೆ ಒಳಕ್ಕೆ ಬಂದು ಉಣ್ಣು. ಬೀದಿಗೆ ತಟ್ಟೆ ಹೊತ್ಕೊಂಡು ಬರೋಳು ನಾನಲ್ಲ. ಆ ಪರದೆ ದಾಟಿ ಒಂದು ಹೆಜ್ಜೆ ಇಡಲ್ಲ."

*

ಮೊದಲ ವಾರ ಬೀದಿಯವರು ಅಂಗಡಿಯ ಮುಂದೆ ನಡಿಗೆ ನಿಧಾನ ಮಾಡಿದರು. ಎರಡನೆಯ ವಾರ ಒಳಗೆ ಬಂದರು. ಮೂರನೆಯ ವಾರದ ಹೊತ್ತಿಗೆ ಗಲ್ಲಾದ ಹಿಂದೆ ಹೆಂಗಸಿದ್ದಾಳೆ ಎಂಬುದು ಅವರಿಗೆ ಮರೆತೇಹೋಗಿತ್ತು. ಆದರೆ ಚನ್ನಾಜಮ್ಮನವರಿಗೆ ಮರೆತಿರಲಿಲ್ಲ. ಪರದೆಯ ಹಿಂದೆ ಅಕ್ಕಿ ಆರಿಸುವ ಕೆಲಸ ಅವರಿಗೆ ದಿನಾ ಇರುತ್ತಿತ್ತು. ಅಷ್ಟು ಕಲ್ಲಿರುವ ಅಕ್ಕಿಯನ್ನು ಆ ಮನೆಗೆ ಯಾರೂ ತಂದಿರಲಿಲ್ಲ.

ಖಾಯಂ ಗಿರಾಕಿಗಳಲ್ಲಿ ಮೊದಲನೆಯವರು ವ್ಯಾಸರಾಜ ಮೇಷ್ಟ್ರು. ರಿಟೈರಾಗಿ ನಾಲ್ಕು ವರ್ಷ. ಮನೆಯಲ್ಲಿ ಪ್ಲೇಯರ್ ಇದ್ದರೂ ಮೊಮ್ಮಕ್ಕಳ ರೇಡಿಯೋ ಅದರ ಬಾಯಿ ಮುಚ್ಚಿಸಿತ್ತು. ಬೆಳಿಗ್ಗೆ ಹತ್ತಕ್ಕೆ ಬಂದು ನಾದಸ್ವರದ ಒಂದು ಸೈಡು ಹಾಕಿಸಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೂರುವರು. ಒಂದೇ ರೆಕಾರ್ಡನ್ನು ಮೂರು ದಿನ ಕೇಳಿ, ನಾಲ್ಕನೆಯ ದಿನ ಕೊಳ್ಳುವರು.

"ನಿಮ್ಮ ಮಾವ ಸೂಜಿ ಇಡುವಾಗ ಕೈ ನಡುಗೋದಮ್ಮ" ಎಂದರು ಒಂದು ದಿನ. "ನೀನು ಇಟ್ಟರೆ ಇಟ್ಟಿದ್ದೇ ಗೊತ್ತಾಗಲ್ಲ."

ಪರದೆಯ ಹಿಂದೆ ಮೊರದ ಸದ್ದು ಸ್ವಲ್ಪ ಜೋರಾಯಿತು.

ಎರಡನೆಯವನು ಹೆಮ್ಮರಗಾಲದ ಮಾದಪ್ಪ. ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಓದು ಬರದು. ಯಾವ ರೆಕಾರ್ಡು ಯಾವ ಹೊತ್ತಿಗೆ ಎಂದು ಗಂಗಾಧರಸ್ವಾಮಿಯವರು ಬಾಯಲ್ಲಿ ಹೇಳಿದ್ದನ್ನು ನೆನಪಿಟ್ಟುಕೊಂಡು ಹೋಗುತ್ತಿದ್ದ. ಹಿಂದಿನ ವರ್ಷ ನೆನಪು ಕೈಕೊಟ್ಟು, ಧಾರೆಯ ಹೊತ್ತಿಗೆ ಸರಿಯಾಗಿ ಗಂಡ ಸತ್ತ ಹೆಂಗಸು ಅಳುವ ಹಾಡು ಹಾಕಿದ್ದ.

"ಬೀಗ್ರು ಸೌದೆ ತಗಂಡ್ರು ಕಣ್ರವ್ವ. ಕಬ್ಬಿನ ಗದ್ದೇಲಿ ಓಡಿ ಬಚಾವಾದೆ. ಈ ಸಲ ಏನಾರ ಮಾಡಿಕೊಡಿ ಅಕ್ಕಾವ್ರೆ."

ಸರ್ವಮಂಗಳಾ ಒಳಗಿನಿಂದ ಕುಂಕುಮ, ಅರಿಶಿನ, ಸುಣ್ಣ ತಂದು ಗೋಂದಿನಲ್ಲಿ ಕಲಸಿದಳು. ರೆಕಾರ್ಡಿನ ನಡುವಿನ ಕಾಗದದ ಚೀಟಿಯ ಮೇಲೆ ಬೊಟ್ಟಿಟ್ಟಳು. ಕುಂಕುಮದ ಬೊಟ್ಟು ಧಾರೆಗೆ, ಅರಿಶಿನದ್ದು ಊಟಕ್ಕೆ, ಸುಣ್ಣದ್ದು ಹೆಣ್ಣು ಒಪ್ಪಿಸುವ ಹೊತ್ತಿಗೆ.

ಮಾದಪ್ಪ ಒಂದೊಂದನ್ನೂ ಎತ್ತಿ ನೋಡಿದ. "ಸುಣ್ಣ ಬಂದ್ರೆ ಎಲ್ಲ ಅಳ್ಬೋದು. ಅಲ್ವರಾ?"

"ಅಳಬಹುದು."

"ಈಗ ನಾನೂ ಓದ್ದೋನಾದೆ ಬುಡಿ!" ಎಂದು ಐದು ರೆಕಾರ್ಡು ಕಂಕುಳಲ್ಲಿ ಇರುಕಿಕೊಂಡು ಹೋದ. ಸುತ್ತಿನ ಹಳ್ಳಿಗಳ ಮೈಕ್‌ಸೆಟ್ಟಿನವರೂ ಬೊಟ್ಟಿನ ರೆಕಾರ್ಡು ಕೇಳಿಕೊಂಡು ಬರತೊಡಗಿದರು.

ಮೂರನೆಯವಳು ಬದನವಾಳಿನ ಸಣ್ಣತಾಯಮ್ಮ. ಖಾದಿ ಕೇಂದ್ರದಲ್ಲಿ ನೂಲುವವಳು. ಬುಧವಾರ ಬುಧವಾರ ಬರುವಳು, ಬೆಂಚಿನ ಮೇಲೆ ಕೂತು ಯಾವುದಾದರೊಂದು ಹಾಕವ್ವ ಎನ್ನುವಳು. ಹಾಡು ಶುರುವಾದೊಡನೆ ಬಲಗೈಯಲ್ಲಿ ಇಲ್ಲದ ರಾಟೆಯನ್ನು ತಿರುಗಿಸುವಳು, ಎಡಗೈಯಲ್ಲಿ ಇಲ್ಲದ ಎಳೆಯನ್ನು ಎಳೆಯುವಳು. ಸ್ವಲ್ಪ ಹೊತ್ತಿಗೆ ಕೈ ಕೆಳಗಿಡುವಳು.

"ಇದು ಬಿರ್ನೆ ಓಯ್ತದೆ ಕಣವ್ವ. ನೂಲು ಕಿತ್ತೋಯ್ತದೆ."

ಮುಂದಿನ ವಾರ: "ಇದು ತೂಕಡಿಸ್ತದೆ. ಎಳೆ ದಪ್ಪ ಆಯ್ತದೆ."

ಯಾರೋ ದಾನಿಗಳು ಕೇಂದ್ರಕ್ಕೆ ಪ್ಲೇಯರ್ ಕೊಟ್ಟಿದ್ದರಂತೆ. ನೂಲುವಾಗ ಕೇಳಿ ಎಂದು ಹೇಳಿ ಹೋಗಿದ್ದರಂತೆ. ಕೈಗೆ ಹೊಂದುವ ಹಾಡಿನ ಪ್ಲೇಟು ಹುಡುಕಿ ತಾ ಎಂದು ಇಪ್ಪತ್ತು ಹೆಂಗಸರು ಇವಳನ್ನು ಆರಿಸಿ ಕಳಿಸಿದ್ದರು. ಆರು ವಾರವಾದರೂ ಹೊಂದುವ ಪ್ಲೇಟು ಸಿಕ್ಕಿರಲಿಲ್ಲ.

"ಆಯಮ್ಮ ಒಂದು ರೆಕಾರ್ಡು ಕೊಂಡ ದಿನ ನಾನು ಮೀಸೆ ಬೋಳಿಸ್ತೀನಿ" ಎಂದ ಶಿವಸ್ವಾಮಿ, ರೊಟ್ಟಿ ಮುರಿಯುತ್ತಾ.

"ರೇಜರು ಚೂಪಾಗಿಟ್ಕೊಳ್ಳಿ" ಎಂದಳು ಸರ್ವಮಂಗಳಾ. "ನಮ್ಮಪ್ಪ ಬೆಲ್ಲ ಬಾಯಿಗೆ ಹಾಕ್ಕೊಂಡು ನೋಡಿ ಅಂತ ಎಲ್ರಿಗೂ ಕೊಡ್ತಿದ್ರು. ತಿಂದು ಹೋದೋರೆಲ್ಲ ಮೋಸಗಾರರಾಗಿದ್ರೆ ನನ್ನ ಮದುವೆಗೆ ದುಡ್ಡೇ ಇರ್ತಿರಲಿಲ್ಲ."

ದಸರೆಗೆ ಮಗಳನ್ನು ಕರೆಯಲು ರಾಚಯ್ಯನೇ ಬಂದ. ಅಂಗಡಿ ಬಿಟ್ಟು ಬರಲಾರೆ ಎಂದಳು. ಹಬ್ಬಕ್ಕೆ ಸೊಸೆಯನ್ನು ಕಳಿಸಲಿಲ್ಲ ಎಂದು ಊರು ನನ್ನನ್ನು ಆಡಿಕೊಳ್ಳುತ್ತದೆ ಎಂದು ಚನ್ನಾಜಮ್ಮ ಕೂಗಾಡಿದರು. ರಾಚಯ್ಯ ಎರಡು ಅಚ್ಚು ಬೆಲ್ಲ ಬೀಗಿತ್ತಿಯ ಮುಂದಿಟ್ಟು, ಬೆಂಚಿನ ಮೇಲೆ ಕೂತು ಒಂದು ಸೈಡು ವಚನ ಕೇಳಿ, ಮಗಳು ಗಿರಾಕಿಗಳನ್ನು ಮಾತಾಡಿಸುವ ರೀತಿ ನೋಡಿ ಎದ್ದ. "ಕೈ ಮರೆತಿಲ್ಲ" ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಅವಳಿಗೆ ಹಬ್ಬ ಆದಷ್ಟೇ ಸಂತೋಷವಾಯಿತು.

*

ಆಯುಧಪೂಜೆಯ ದಿನ ಎಡವಟ್ಟಾಯಿತು.

ಹಿಂದಿನ ಸಂಜೆಯೇ ಸರ್ವಮಂಗಳಾ ಪ್ಲೇಯರನ್ನೂ ಇನ್ನೂರ ಹನ್ನೆರಡು ರೆಕಾರ್ಡುಗಳನ್ನೂ ಒಳಗೆ ಸಾಗಿಸಿ ದೇವರ ಮುಂದೆ ಜೋಡಿಸಿದ್ದಳು. ಬೆಳಿಗ್ಗೆ ಅವಳು ಅಂಗಡಿಯ ನೆಲ ತೊಳೆದು, ಗೋಡೆ ಒರೆಸಿ, ಮಾವಿನ ಸೊಪ್ಪು ಕಟ್ಟುವ ಹೊತ್ತಿಗೆ ಪೂಜೆ ಮುಗಿದೇ ಹೋಗಿತ್ತು. ಹೋಳಿಗೆ ಉಂಡು, ಮರುದಿನ ಎಲ್ಲವನ್ನೂ ಹಾಗೇ ಕವರಿನ ಸಮೇತ ತಂದು ಕಪಾಟಿನಲ್ಲಿಟ್ಟಳು.

ವಿಜಯದಶಮಿಯ ಹತ್ತು ಗಂಟೆಗೆ ವ್ಯಾಸರಾಜ ಮೇಷ್ಟ್ರು ಬಂದು ಬೆಂಚಿನ ಮೇಲೆ ಕೂತರು. ಸೂಜಿ ಇಳಿಯಿತು. ಚರಚರ, ಚಟಪಟ, ಅದರ ನಡುವೆ ಎಲ್ಲೋ ದೂರದಲ್ಲಿ ನಾದಸ್ವರ.

"ಇದೇನಮ್ಮ," ಎಂದರು ಮೇಷ್ಟ್ರು, "ವಿದ್ವಾಂಸರು ಒಗ್ಗರಣೆ ಹಾಕ್ತಿದ್ದಾರೆ?"

ಅವಳು ರೆಕಾರ್ಡು ಎತ್ತಿ ಬೆಳಕಿಗೆ ಹಿಡಿದಳು. ಅಂಚಿನಿಂದ ನಡುವಿನ ಚೀಟಿಯವರೆಗೆ ಮೂರು ಬೆರಳಿನ ಮೂರು ಬಿಳಿಯ ಗೆರೆ. ಇನ್ನೊಂದನ್ನು ತೆಗೆದಳು, ಅದಕ್ಕೂ ಮೂರು ಗೆರೆ. ಹತ್ತು ತೆಗೆದಳು, ಇಪ್ಪತ್ತು ತೆಗೆದಳು. ಪ್ರತಿಯೊಂದು ರೆಕಾರ್ಡೂ ಮೂರು ಪಟ್ಟೆ ವಿಭೂತಿ ಧರಿಸಿ ಭಕ್ತಿಯಿಂದ ಕೂತಿತ್ತು.

ಸರ್ವಮಂಗಳಾ ಪರದೆ ಸರಿಸಿ ಒಳಗೆ ನುಗ್ಗಿದಳು. ಏಳು ವರ್ಷದಲ್ಲಿ ಅವಳ ಗಂಟಲು ಅಷ್ಟು ಏರಿದ್ದು ಅದೇ ಮೊದಲು.

"ಅತ್ತೆ! ರೆಕಾರ್ಡಿಗೆ ವಿಭೂತಿ ಹಚ್ಚಿದೋರು ಯಾರು?"

"ಯಾರು ಹಚ್ತಾರೆ? ನಾನೇ ಹಚ್ಚಿದೆ" ಎಂದರು ಚನ್ನಾಜಮ್ಮ ಧೈರ್ಯವಾಗಿ. "ಒಂದೊಂದನ್ನೂ ಕವರಿನಿಂದ ತೆಗೆದು, ವಿಭೂತಿ ಒದ್ದೆ ಮಾಡಿ, ಪಟ್ಟೆ ಎಳೆದು ಮತ್ತೆ ಒಳಗಿಟ್ಟೆ. ಬೆನ್ನು ಬಿದ್ದುಹೋಯ್ತು. ಒಂದೊಂದೇ ಮುಖಕ್ಕೆ ಹಚ್ಚಿದೀನಿ. ಹಣೆ ಅನ್ನೋದು ಒಂದೇ ತಾನೆ?"

"ಎಲ್ಲ ಹಾಳಾಯ್ತು ಅತ್ತೆ! ಗೆರೆ ತುಂಬ ಬೂದಿ!"

"ದೇವರ ಭಸ್ಮ ಹಚ್ಚಿದ್ರೆ ಹಾಳಾಗೋ ಸಾಮಾನು ಎಂಥ ಸಾಮಾನು? ನೀನು ಕುಂಕುಮ ಇಟ್ಟಾಗ ಹಾಳಾಗ್ಲಿಲ್ಲ, ನಾನು ವಿಭೂತಿ ಇಟ್ರೆ ಹಾಳಾಯ್ತಾ?"

"ನಾನಿಟ್ಟಿದ್ದು ನಡುವಿನ ಕಾಗದದ ಮೇಲೆ! ಹಾಡಿರೋದು ಕಪ್ಪಿನಲ್ಲಿ!"

"ಅದನ್ನ ನನಗೆ ಯಾರು ಹೇಳಿದ್ರು?" ಚನ್ನಾಜಮ್ಮನವರ ದನಿ ಒಡೆಯಿತು. "ಆರು ವಾರದಿಂದ ಊರಿಗೆಲ್ಲ ತೋರಿಸ್ತೀಯ. ಆ ಮೈಕ್‌ಸೆಟ್ಟಿನೋನಿಗೆ ಕೂರಿಸ್ಕೊಂಡು ಹೇಳ್ಕೊಟ್ಟೆ. ಒಂದು ದಿನ ಪರದೆ ಸರಿಸಿ, ಅತ್ತೆ ಇದು ಹಿಂಗೆ ಅಂದ್ಯಾ? ಅಂಗಡಿ ನಿಲ್ಲಲಿ ಅಂತ ಹಚ್ಚಿದೆ ಕಣೆ. ಮುಚ್ಚಲಿ ಅಂತ ಹಚ್ಚಿದೆ ಅನ್ಕೊಂಡ್ಯಾ?"

ಸರ್ವಮಂಗಳಾ ಕೆಳಗೆ ನೋಡಿದಳು. ಪರದೆಯ ಈ ಕಡೆ ನೆಲದ ಮೇಲೆ ಮೊರ ಇತ್ತು, ಅದರಲ್ಲಿ ಆರಿಸಿ ಆರಿಸಿ ಬೆಳ್ಳಗಾದ ಅಕ್ಕಿ. ಕಲ್ಲು ಹುಡುಕುತ್ತಿದ್ದಾರೆ, ತಪ್ಪು ಹುಡುಕುತ್ತಿದ್ದಾರೆ ಎಂದು ಆರು ವಾರ ಅಂದುಕೊಂಡಿದ್ದಳು. ಅತ್ತೆಯೂ ಕೇಳುತ್ತಾ ಕೂತಿದ್ದವರೇ. ಅವರಿಗೆ ಬೆಂಚು ಸಿಕ್ಕಿರಲಿಲ್ಲ, ಅಷ್ಟೇ. ನಾಚಿಕೆ ಅವಳ ಕಿವಿಯವರೆಗೂ ಏರಿತು.

ಮಧ್ಯಾಹ್ನ ಶಿವಸ್ವಾಮಿ ಬಂದು ಎಲ್ಲ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತ. "ಇನ್ನೇನು ಉಳೀತು? ಗುಜರಿಗೆ ಹಾಕೋದೇ. ಬೋರ್ಡಿನ ಅಳತೆ ನಾಳೇನೇ ಕೊಡ್ತೀನಿ."

"ಬಲಿಪಾಡ್ಯಮಿ ಅಂದಿದ್ದೀರಿ" ಎಂದಳು ಸರ್ವಮಂಗಳಾ. "ಇನ್ನೂ ಮೂರು ವಾರ ಇದೆ."

"ಮೂರು ವಾರದಲ್ಲಿ ಏನು ಮಾಡ್ತೀಯ?"

"ತೊಳೀತೀನಿ. ಸ್ಪಿರಿಟ್ ಹಾಕಿ—"

"ಸ್ಪಿರಿಟ್ ಮುಟ್ಟಿಸ್ಬೇಡ!" ಜಗಲಿಯಿಂದ ಗಂಗಾಧರಸ್ವಾಮಿಯವರು ಕೂಗಿದರು. "ಹಳೇ ರೆಕಾರ್ಡು ಕರಗಿಹೋಗುತ್ತೆ. ಸೋಪೂ ಬೇಡ, ಗೆರೇಲಿ ಕಚ್ಕೊಳ್ಳುತ್ತೆ."

ಚನ್ನಾಜಮ್ಮ ಅಡುಗೆಮನೆಯ ಬಾಗಿಲ ಬಳಿ ಬಂದು ಕೂತರು. ಯಾರ ಮುಖವನ್ನೂ ನೋಡದೆ ಹೇಳಿದರು. "ನನ್ನ ಧಾರೆ ಸೀರೆ ಮೂವತ್ತೈದು ವರ್ಷದಿಂದ ಅಂಟುವಾಳದಕಾಯಿ ನೊರೇಲಿ ತೊಳೀತಿದೀನಿ. ಒಂದು ಎಳೆ ಸರಿಗೆ ಕಪ್ಪಾಗಿಲ್ಲ."

ಸರ್ವಮಂಗಳಾ ಅವರ ಎದುರಿಗೆ ಕೂತಳು. "ಹೇಳ್ಕೊಡಿ ಅತ್ತೆ. ಅದಕ್ಕೆ ಮುಂಚೆ ರೆಕಾರ್ಡಿನಲ್ಲಿ ಹಾಡು ಎಲ್ಲಿರುತ್ತೆ ಅಂತ ನಾನು ತೋರಿಸ್ತೀನಿ."

*

ಮರುದಿನ ಬೆಳಿಗ್ಗೆಯಿಂದ ಹಿತ್ತಲು ಮದುವೆಮನೆಯಾಯಿತು. ಕಾಗದದ ಚೀಟಿ ನೆನೆಯದಂತೆ ಬಾಳೆ ಎಲೆಯ ತುಂಡು ಮುಚ್ಚಿ, ಅದರ ಮೇಲೆ ಬಟ್ಟಲು ಬೋರಲು ಹಾಕಿ ಒತ್ತಿಹಿಡಿಯುವ ಉಪಾಯ ಚನ್ನಾಜಮ್ಮನವರದು. ನೊರೆ ಸವರುವವಳು ಸರ್ವಮಂಗಳಾ. ಬುಧವಾರ ಬಂದ ಸಣ್ಣತಾಯಮ್ಮ ಅಂಗಡಿಯಲ್ಲಿ ಯಾರೂ ಇಲ್ಲದ್ದನ್ನು ಕಂಡು ಹಿತ್ತಲಿಗೇ ಬಂದಳು, ನೋಡಿದಳು, ಬೈದಳು.

"ಅಡ್ಡಡ್ಡ ಉಜ್ಬ್ಯಾಡ್ರವ್ವ! ರಾಟೆ ಸುತ್ತಿದಂಗೆ ಸುತ್ತ ಒರೆಸ್ಬೇಕು. ತತ್ತಾ ಇಲ್ಲಿ." ಮಡಿಲಿನಿಂದ ಮೆತ್ತನೆಯ ಹಳೆಯ ಖಾದಿ ಬಟ್ಟೆ ತೆಗೆದು ಅವಳೂ ಕೂತಳು. ಕೇಂದ್ರದ ಸಂಗತಿ, ಮಕ್ಕಳ ಸಂಗತಿ ಎಲ್ಲ ಬಂತು. ಅವಳಿಗೆ ಮಧ್ಯಾಹ್ನ ಚನ್ನಾಜಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿ, ಬೇಡ ಬೇಡ ಎಂದರೂ ಇನ್ನೊಂದು ಸೌಟು ಹಾಕಿದರು.

ತೊಳೆದದ್ದು ನೆರಳಲ್ಲಿ ಒಣಗಿತು. ಆದರೆ ಇನ್ನೂರ ಹನ್ನೆರಡನ್ನೂ ಕೇಳಿ ನೋಡಬೇಕಲ್ಲ? ಸರ್ವಮಂಗಳಾ ಒಂದು ಸ್ಲೇಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬೀದಿಗೆ ನೇತುಹಾಕಿದಳು: "ಹಬ್ಬದಲ್ಲಿ ರೆಕಾರ್ಡಿಗೆ ವಿಭೂತಿ ಅಂಟಿತ್ತು. ತೊಳೆದಿದ್ದೇವೆ. ಬಂದು ಕೇಳಿ, ಎಲ್ಲಿ ಕರಕರ ಎನ್ನುತ್ತದೆ ಎಂದು ಹೇಳಿ."

ಶಿವಸ್ವಾಮಿ ಸ್ಲೇಟಿನ ಮುಂದೆ ನಿಂತು ಬೆವರಿದ. "ನಿನಗೆ ತಲೆ ಕೆಟ್ಟಿದ್ಯಾ? ನಮ್ಮ ಮಾಲು ಹಾಳಾಗಿದೆ ಅಂತ ನಾವೇ ಡಂಗುರ ಹೊಡೆಯೋದಾ?"

"ಮುಚ್ಚಿಟ್ಟು ಮಾರಿದ್ರೆ ಮಾದಪ್ಪ ಮತ್ತೆ ಕಬ್ಬಿನ ಗದ್ದೇಲಿ ಓಡ್ಬೇಕಾಗುತ್ತೆ. ಮಾವನ ಅಂಗಡೀಲಿ ಕೇಳದೆ ಯಾರೂ ಕೊಂಡಿಲ್ಲ. ಈಗಲೂ ಕೇಳಲಿ."

ಜನ ಬಂದರು. ಮೊದಲು ನಗಲು ಬಂದರು, ಆಮೇಲೆ ಕೂರಲು ಬಂದರು. ಬೆಂಚು ಸಾಲದೆ ಮನೆಯ ಮಣೆಗಳು ಹೊರಗೆ ಹೋದವು. ವ್ಯಾಸರಾಜ ಮೇಷ್ಟ್ರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಪರೀಕ್ಷಾಧಿಕಾರಿಯಾದರು. ಚಟ್ ಎಂದ ಕಡೆ ಕೇಳುವವರು ಕೈಯೆತ್ತಬೇಕು, ಅವರು ಗುರುತು ಹಾಕಬೇಕು, ರೆಕಾರ್ಡು ಮತ್ತೆ ಹಿತ್ತಲಿಗೆ ಹೋಗಬೇಕು. ಪರದೆಯ ಆ ಕಡೆಯಿಂದ ಚನ್ನಾಜಮ್ಮ ಕೈ ಚಾಚಿ ಇಸಿದುಕೊಳ್ಳುವರು, ತೊಳೆದು ಕೈ ಚಾಚಿ ಕೊಡುವರು. ಹೆಜ್ಜೆ ಮಾತ್ರ ದಾಟಲಿಲ್ಲ.

ಒಂದು ಮಧ್ಯಾಹ್ನ ಪರದೆಯ ಹಿಂದಿನಿಂದಲೇ ಅವರು ಹೇಳಿದರು. "ಮಂಗಳಾ, ಈಗ ಎರಡು ಸಲ ಚಟ್ ಅಂತು. ಮೇಷ್ಟ್ರು ಒಂದೇ ಬರ್ಕೊಂಡ್ರು."

ಮೇಷ್ಟ್ರು ಸೂಜಿ ಹಿಂದಕ್ಕೆ ಇಡಿಸಿ ಕೇಳಿದರು. ಎರಡೇ ಇತ್ತು. "ತಾಯಿ, ಒಪ್ಪಿದೆ" ಎಂದರು.

ವರ್ಷಗಟ್ಟಲೆ ಕಪಾಟಿನಲ್ಲಿ ಯಾರೂ ಕೇಳದೆ ಕೂತಿದ್ದ ರೆಕಾರ್ಡುಗಳೂ ಆ ದಿನಗಳಲ್ಲಿ ಬೀದಿಗೆ ಕೇಳಿಸಿದವು. ತಪ್ಪು ಹುಡುಕಲು ಪೂರ್ತಿ ಕೇಳಿದವರು ಅದನ್ನೇ ಕೊಂಡುಹೋದರು. ಕಾರ್ತಿಕದ ಮದುವೆಗಳಿಗೆ ಮೈಕ್‌ಸೆಟ್ಟಿನವರು ತಲಕಾಡಿನ ಕಡೆಯಿಂದಲೂ ಬಂದರು. ದೀಪಾವಳಿಯ ಹೊತ್ತಿಗೆ ಕಪಾಟಿನ ಎರಡು ಖಾನೆ ಖಾಲಿಯಾಗಿ, ಸರ್ವಮಂಗಳಾ ಹೊಸ ಮಾಲಿಗೆ ಪಟ್ಟಿ ಬರೆಯುತ್ತಿದ್ದಳು. ಪಟ್ಟಿಯನ್ನು ಗಂಡನಿಗೆ ತೋರಿಸಿದಳು. ಅವನು ನೋಡಿ, ಮಡಚಿ, ವಾಪಸು ಕೊಟ್ಟ.

"ಈ ತಿಂಗಳು ಬೂದಿ ನೋಡೋಕೆ ಬಂದ್ರು. ಮುಂದಿನ ತಿಂಗಳು ಯಾರು ಬರ್ತಾರೆ? ಏಜೆನ್ಸಿಯೋರಿಗೆ ನಾನು ಮಾತು ಕೊಟ್ಟಿದೀನಿ ಮಂಗಳಾ." ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಿಜವಾಗಿ ಹೆದರಿ ಹೇಳಿದ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

ಒಂದು ರೆಕಾರ್ಡು ಮಾತ್ರ ಶುದ್ಧವಾಗಲಿಲ್ಲ. ಅದು ವೀಣೆಯ ಲಾಂಗ್‌ಪ್ಲೇ. ಪೂಜೆಯಲ್ಲಿ ಮೊದಲು ಕೈಗೆ ಸಿಕ್ಕಿದ್ದು ಎಂದು ಚನ್ನಾಜಮ್ಮ ಅದಕ್ಕೆ ಮಾತ್ರ ಹಾಲಿನಲ್ಲಿ ಕಲಸಿದ ವಿಭೂತಿ ಹಚ್ಚಿದ್ದರು. ಐದು ಸಲ ತೊಳೆದರೂ ಗೆರೆಯೊಳಗೆ ಗಾರೆಯಂತೆ ಕೂತಿತ್ತು.

*

ಬಲಿಪಾಡ್ಯಮಿ ಬುಧವಾರ ಬಂತು. ಕೇಂದ್ರಕ್ಕೆ ರಜ. ಸಣ್ಣತಾಯಮ್ಮ ಜೊತೆಗೆ ನಾಲ್ವರು ಹೆಂಗಸರನ್ನು ಕರೆತಂದಿದ್ದಳು. ಐವರೂ ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಸರ್ವಮಂಗಳಾ ಒಂದು ಹಾಕಿದಳು, ಐದು ಬಲಗೈಗಳು ತಿರುಗಿ ನಿಂತವು. ಇನ್ನೊಂದು ಹಾಕಿದಳು, ಮತ್ತೆ ನಿಂತವು.

"ಅದ್ಯಾವುದವ್ವ, ಮೂಲೇಲಿ ಒಂದೇ ಇಟ್ಟಿದ್ದೀಯಲ್ಲ?"

"ಅದು ಬೇಡ ಸಣ್ಣತಾಯಮ್ಮ. ಕೆಟ್ಟಿದೆ."

"ಕೇಳಾಕೇನು?"

ಕೇಳಿದ ಮೇಲೆ ಹಾಕಲೇಬೇಕು. ಅದು ಅಂಗಡಿಯ ನೇಮ. ಸೂಜಿ ಇಳಿಯಿತು. ವೀಣೆ ನಿಧಾನವಾಗಿ ಶುರುವಾಯಿತು. ಅದರ ಕೆಳಗೆ ಟಿಕ್ ಟಿಕ್ ಟಿಕ್, ಸ್ವಲ್ಪ ಬಿಡುವು, ಮತ್ತೆ ಟಿಕ್ ಟಿಕ್ ಟಿಕ್. ರೆಕಾರ್ಡು ಒಂದು ಸುತ್ತು ಬಂದಾಗಲೆಲ್ಲ ಸೂಜಿ ಮೂರು ಪಟ್ಟೆ ದಾಟುತ್ತಿತ್ತು. ಸರ್ವಮಂಗಳಾ ಮುಜುಗರದಿಂದ ಕಣ್ಣು ತಗ್ಗಿಸಿದಳು.

ಎತ್ತಿ ನೋಡುತ್ತಾಳೆ, ಐದು ಕೈಗಳೂ ತಿರುಗುತ್ತಿದ್ದವು. ಟಿಕ್ ಟಿಕ್ ಟಿಕ್ ಎಂದಾಗ ರಾಟೆ, ಬಿಡುವಿನಲ್ಲಿ ಎಳೆ. ಯಾರೂ ಮಾತಾಡಲಿಲ್ಲ. ಒಂದು ಸೈಡು ಪೂರ್ತಿ ಒಂದು ಕೈಯೂ ತಪ್ಪಲಿಲ್ಲ.

"ಇದೇ ಕಣವ್ವ!" ಸಣ್ಣತಾಯಮ್ಮನ ಮುಖವೆಲ್ಲ ನಗುವಾಗಿತ್ತು. "ಎಣಿಸ್ಕೊಡ್ತದೆ ನೋಡು ತಾನೇ. ಇದ ಕೊಡು. ಇನ್ನ ಎಲ್ಲೂ ತೊಳೀಬ್ಯಾಡ."

ಸರ್ವಮಂಗಳಾ ರೆಕಾರ್ಡು ಎತ್ತಿ ಕವರಿಗೆ ಹಾಕಿದಳು. "ಹಾಳಾದ ಮಾಲು ಸಣ್ಣತಾಯಮ್ಮ. ಅರ್ಧ ದುಡ್ಡು ಕೊಡು ಸಾಕು."

ಹಿಂದೆ ಪರದೆ ಸರಕ್ಕನೆ ಸರಿಯಿತು. ಚನ್ನಾಜಮ್ಮ ಹೊರಗೆ ಬಂದು ನಿಂತಿದ್ದರು. ಹಬ್ಬದ ಸೀರೆ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಚಿತ್ರಾನ್ನ, ಎರಡು ಕಜ್ಜಾಯ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಎಲ್ಲರೂ ನೋಡಲಿ ಎಂಬಂತೆ ಚನ್ನಾಜಮ್ಮ ತಟ್ಟೆಯನ್ನು ಗಲ್ಲಾದ ಮೇಲೆ ಇಟ್ಟರು.

"ಅರ್ಧ ಯಾಕೆ? ಪೂರ್ತಿ ತಗೋ" ಎಂದರು. "ಅದಕ್ಕೆ ವಿಭೂತಿ ಹಚ್ಚಿದೋಳು ನಾನು."

ಐವರು ಹೆಂಗಸರೂ ನಕ್ಕರು. ಸಣ್ಣತಾಯಮ್ಮ ಗಂಟು ಬಿಚ್ಚಿ ಪೂರ್ತಿ ಕೊಟ್ಟಳು.

"ಏಳು, ಗಂಟೆ ಎರಡಾಯ್ತು. ಆ ಮೂಲೇಲಿ ಕೂತು ಉಣ್ಣು. ಅಲ್ಲಿವರೆಗೂ ನಾನಿರ್ತೀನಿ." ಸೊಸೆ ಏಳುವ ಮುಂಚೆಯೇ ಅವರು ಮಣೆಯ ಅಂಚಿಗೆ ಕೂತಾಗಿತ್ತು. ಸರ್ವಮಂಗಳಾ ತಟ್ಟೆ ಎತ್ತಿಕೊಂಡು ಪ್ಲೇಯರಿನ ಪಕ್ಕ ಕೂತು, ಮೊದಲು ಕಜ್ಜಾಯವನ್ನೇ ಮುರಿದಳು.

ಐವರು ಹೆಂಗಸರೂ ಮೆಟ್ಟಿಲಿಳಿಯುವಾಗ ಶಿವಸ್ವಾಮಿ ಹತ್ತಿ ಬಂದ. ಕೈಯಲ್ಲಿ ಬೋರ್ಡಿಗೆ ಗೋಡೆ ಅಳೆಯುವ ಟೇಪು. ಸಣ್ಣತಾಯಮ್ಮನ ಕಂಕುಳಲ್ಲಿ ಕಾಗದ ಸುತ್ತಿದ ರೆಕಾರ್ಡು ಕಂಡ. ತಿರುಗಿದರೆ ಗಲ್ಲಾದ ಹಿಂದೆ ಅವ್ವ.

"ಅವ್ವಾ, ನೀನಾ?"

"ನಾನೇ" ಎಂದರು ಚನ್ನಾಜಮ್ಮ. "ಪಂಪ್‌ಸೆಟ್ಟಿಗೆ ಬಸ್‌ಸ್ಟ್ಯಾಂಡಿನ ಹತ್ರ ಜಾಗ ನೋಡ್ಕೊ. ಈ ಅಂಗಡಿ ಖಾಲಿ ಇಲ್ಲ."

ಅವನು ಹೆಂಡತಿಯ ಕಡೆ ನೋಡಿದ. ಅವಳ ಬಾಯಿ ತುಂಬ ಕಜ್ಜಾಯ ಇತ್ತು. ಅವನು ತನಗೆ ತಿಳಿಯದೆ ಮೀಸೆಯ ಮೇಲೆ ಕೈ ಇಟ್ಟುಕೊಂಡ.

"ಮೀಸೆ ವಿಷಯ ಆಮೇಲೆ ಮಾತಾಡೋಣ" ಎಂದರು ಅವ್ವ. "ಈಗ ಯಾವುದು ಬೇಕು ಹೇಳು, ಬೆಂಚಿನ ಮೇಲೆ ಕೂತ್ಕೊ. ಒಂದು ಸೈಡು ಹಾಕ್ತೀವಿ. ಕೊಳ್ಳಲೇಬೇಕು ಅಂತೇನಿಲ್ಲ."

ಶಿವಸ್ವಾಮಿ ಟೇಪನ್ನು ಜೇಬಿಗೆ ಹಾಕಿಕೊಂಡು ಕೂತ.